ಕೆಸರು ಕಾಯ್ದಿಟ್ಟ ಮರ

ಎರಡು ವರ್ಷದ ಹಿಂದಿನ ಬೇಸಿಗೆ. ಮಂಡ್ಯದಿಂದ ಹೆಚ್ಚು ದೂರವಿಲ್ಲದ ನಮ್ಮೂರ ಕೆರೆಯಲ್ಲಿ ಹೂಳು ಎತ್ತುತ್ತಿದ್ದರು. ಹಳೇ ತೂಬಿನ ಹತ್ತಿರ ಜೆಸಿಬಿಯ ಬಕೆಟ್ಟಿಗೆ ಒಂದು ಮರದ ತುಂಡು ಸಿಕ್ಕಿತು. ತೊಡೆಯಷ್ಟು ದಪ್ಪ, ಮೂರು ಅಡಿ ಉದ್ದ. ಉಳಿದದ್ದು ಒಳಗೇ ಮುರಿದು ನಿಂತುಬಿಟ್ಟಿತು. ಹೊಲಕ್ಕೆ ಗೋಡು ತುಂಬಿಸಿಕೊಳ್ಳೋಕೆ ಟ್ರ್ಯಾಕ್ಟರ್ ತಂದಿದ್ದ ನನ್ನ ತಮ್ಮ ಆ ತುಂಡನ್ನು ಮನೆಗೆ ತಂದ. ತೊಳೆದು ನೋಡಿದರೆ ಉಳಿ ಹೊಡೆದ ಗುರುತು ನಿನ್ನೆ ಮೊನ್ನೆಯದರ ಹಾಗಿತ್ತಂತೆ. ಚೆನ್ನಾಗಿ ಒಣಗಲಿ ಅಂತ ಜಗಲಿ ಮೇಲೆ ಬಿಸಿಲಿಗಿಟ್ಟ.

ಹದಿನೈದು ದಿನ ಬಿಟ್ಟು ನಾನು ಊರಿಗೆ ಹೋದೆ. ಮರ ಉದ್ದಕ್ಕೂ ಸೀಳಿತ್ತು. ಒಂದು ಕಡೆ ತಿರುಚಿಕೊಂಡಿತ್ತು. ಬೆರಳಲ್ಲಿ ಒತ್ತಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಉಳಿಯ ಗುರುತು ಯಾವುದು, ಬಿರುಕು ಯಾವುದು ಅಂತ ಹೇಳುವುದೇ ಕಷ್ಟವಾಗಿತ್ತು.

"ನೀರೊಳಗೆ ಎಷ್ಟು ವರ್ಷ ಇತ್ತೋ, ಏನೂ ಆಗಿರಲಿಲ್ಲ. ಆಚೆ ತೆಗೆದು ಹದಿನೈದು ದಿನಕ್ಕೆ ಹಾಳಾಗೋಯ್ತು. ಯಾಕಕ್ಕ ಹಿಂಗೆ?" ಅಂದ ತಮ್ಮ.

ಇಷ್ಟು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಅವನ ಪ್ರಶ್ನೆಗೆ ಉತ್ತರ ಹೇಳುವಾಗ ಅದೇ ಬೇಸಿಗೆಗೆ ಸ್ವಲ್ಪ ಮುಂಚೆ ಇಂಗ್ಲೆಂಡಿನಲ್ಲಿ ನೋಡಿ ಬಂದಿದ್ದ ಒಂದು ಜಾಗ ಕಣ್ಣ ಮುಂದೆ ಬಂತು. ಅಲ್ಲಿನ ಜೌಗು ನೆಲದಲ್ಲಿ ಮೂರು ಸಾವಿರ ವರ್ಷದ ಹಿಂದಿನ ಮರ, ದಾರ, ಬಟ್ಟೆ, ಗಂಜಿಯ ಉಳಿಕೆ ಎಲ್ಲ ಸಿಗುತ್ತವೆ. ನಮ್ಮ ಕಾವೇರಿ ದಂಡೆಯಲ್ಲಿ ಅಗೆದರೆ ಕಲ್ಲು, ಮಡಕೆ, ಮೂಳೆ ಬಿಟ್ಟು ಬೇರೇನೂ ಸಿಗುವುದು ಕಷ್ಟ. ಇದರ ಕಾರಣವೂ ತಮ್ಮನ ಪ್ರಶ್ನೆಯ ಉತ್ತರವೂ ಒಂದೇ.

ಮೊದಲು ಬೇಲಿ ಗೂಟ ನೋಡಿ. ಕೆಲವು ವರ್ಷಕ್ಕೆ ಅದು ಮುರಿಯುತ್ತದೆ. ಎಲ್ಲಿ ಮುರಿಯುತ್ತದೆ? ಸಾಮಾನ್ಯವಾಗಿ ನೆಲದ ಮಟ್ಟದಲ್ಲಿ. ಮೇಲಿನ ಭಾಗ ಗಟ್ಟಿಯಾಗಿಯೇ ಇರುತ್ತದೆ. ಕಿತ್ತು ನೋಡಿದರೆ ಆಳದಲ್ಲಿದ್ದ ತುದಿಯೂ ಎಷ್ಟೋ ವಾಸಿ. ಮಧ್ಯದ ಒಂದು ಗೇಣು ಮಾತ್ರ ಪುಡಿಪುಡಿ. ಕೊಳೆಯುವುದು ಅಂದರೆ ತಾನಾಗಿ ಆಗುವ ಕೆಲಸ ಅಲ್ಲ. ಯಾರೋ ತಿನ್ನುತ್ತಿರುತ್ತಾರೆ. ಶಿಲೀಂಧ್ರ, ಬ್ಯಾಕ್ಟೀರಿಯಾ, ಗೆದ್ದಲು. ಅವಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಗೂಟದ ಮೇಲ್ಭಾಗಕ್ಕೆ ಗಾಳಿ ಇದೆ, ಆದರೆ ಬೇಗ ಒಣಗುತ್ತದೆ. ಆಳದಲ್ಲಿ ತೇವ ಇದೆ, ಗಾಳಿ ಕಮ್ಮಿ. ಎರಡೂ ಒಟ್ಟಿಗೆ ಸಿಗುವುದು ನೆಲದ ಮಟ್ಟದಲ್ಲಿ. ಊಟ ಶುರುವಾಗುವುದೂ ಅಲ್ಲೇ.

ಹಾಗಾಗಿ ಮರ ಸಾವಿರಾರು ವರ್ಷ ಉಳಿಯಬೇಕು ಅಂದರೆ ಎರಡರಲ್ಲಿ ಒಂದು ಪೂರ್ತಿ ಇಲ್ಲವಾಗಬೇಕು. ನೀರೇ ಇಲ್ಲದಿದ್ದರೆ ಉಳಿಯುತ್ತದೆ, ಈಜಿಪ್ಟಿನ ಮರಳಿನಲ್ಲಿ ಆದಂತೆ. ಗಾಳಿಯೇ ಇಲ್ಲದಿದ್ದರೂ ಉಳಿಯುತ್ತದೆ. ಜೌಗು ನೆಲದಲ್ಲಿ ಆಗುವುದು ಇದು.

ಗಾಳಿ ಇಲ್ಲದ ಮಣ್ಣು ಅಂದರೆ ಹೇಗಿರುತ್ತದೆ ಅಂತ ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ನಾಟಿ ಆಗಿ ಒಂದು ತಿಂಗಳಾದ ಗದ್ದೆಗೆ ಇಳಿಯಿರಿ. ಕಾಲು ಮೊಣಕಾಲಿನ ತನಕ ಹೂತು ಹೋಗುತ್ತದೆ. ಎತ್ತಿದರೆ ಬುಳುಬುಳು ಅಂತ ಗುಳ್ಳೆ ಬರುತ್ತದೆ. ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಮೇಲೆ ತೆಳ್ಳಗೆ ಒಂದು ಕಂದು ಪದರ, ಅದರ ಕೆಳಗೆ ಕಪ್ಪು ಅಥವಾ ನೀಲಿ ಬೆರೆತ ಬೂದು ಮಣ್ಣು. ಒಂದು ಪೈರನ್ನು ಬೇರು ಸಮೇತ ಕಿತ್ತು ತೊಳೆದು ನೋಡಿ. ಬೇರಿನ ಸುತ್ತ ತುಕ್ಕಿನ ಬಣ್ಣದ ಲೇಪ ಕಾಣುತ್ತದೆ.

ಇಷ್ಟರಲ್ಲೇ ಪೂರ್ತಿ ಪಾಠ ಇದೆ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನ. ಗದ್ದೆಗೆ ನೀರು ಕಟ್ಟಿದ ಮೇಲೆ ಮಣ್ಣಿನೊಳಗಿನ ಬ್ಯಾಕ್ಟೀರಿಯಾ ಇದ್ದಬದ್ದ ಆಮ್ಲಜನಕವನ್ನು ಬೇಗ ಮುಗಿಸಿಬಿಡುತ್ತವೆ. ಮೇಲಿಂದ ಹೊಸದು ಇಳಿಯುವುದಿಲ್ಲ. ಆಮೇಲೆ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳ ಸರದಿ. ಅವು ಮಣ್ಣಿನ ಕಬ್ಬಿಣ, ಗಂಧಕದ ಅಂಶಗಳನ್ನು ಬಳಸಿಕೊಂಡು ಬದುಕುತ್ತವೆ. ಮಣ್ಣಿನ ಬಣ್ಣ ಬದಲಾಗುವುದೂ, ಮೊಟ್ಟೆಯ ವಾಸನೆ ಬರುವುದೂ ಅದಕ್ಕೇ. ಆ ಗುಳ್ಳೆಯಲ್ಲಿ ಇರುವುದು ಹೆಚ್ಚಾಗಿ ಮಿಥೇನ್. ಭತ್ತದ ಪೈರಿಗೆ ಮಾತ್ರ ಎಲೆಯಿಂದ ಬೇರಿಗೆ ಗಾಳಿ ಇಳಿಸುವ ಕೊಳವೆಯಂಥ ವ್ಯವಸ್ಥೆ ಇದೆ. ಬೇರಿನಿಂದ ಸೋರಿದ ಆ ಚೂರು ಆಮ್ಲಜನಕಕ್ಕೇ ಸುತ್ತಲಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಇಂಥ ಕೆಸರಿನಲ್ಲಿ ಮರ ತಿನ್ನುವ ಶಿಲೀಂಧ್ರ ಬದುಕುವುದಿಲ್ಲ. ಗೆದ್ದಲಂತೂ ಹತ್ತಿರವೇ ಸುಳಿಯುವುದಿಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾ ಕೆಲಸ ಮಾಡುತ್ತವೆ, ಆದರೆ ತುಂಬಾ ನಿಧಾನ.

ನಮ್ಮ ಹಿರಿಯರು ಬಾವಿಯ ತಳಕ್ಕೆ ನೆಲ್ಲಿ ಮರ ಹಾಕುತ್ತಿದ್ದರು. ನೀರು ತಿಳಿಯಾಗುತ್ತದೆ ಅನ್ನುವ ನಂಬಿಕೆ ಅದು. ಸದಾ ನೀರಲ್ಲೇ ಇರುವ ಮರ ಕೆಡುವುದಿಲ್ಲ ಅನ್ನುವುದೂ ಅವರಿಗೆ ಗೊತ್ತಿತ್ತು. ಒಮ್ಮೆ ನೆನೆದು ಒಮ್ಮೆ ಒಣಗುವ ಮರಕ್ಕೇ ಅಪಾಯ ಜಾಸ್ತಿ.

ಈಗ ನಾನು ನೋಡಿ ಬಂದ ಆ ಜಾಗದ ವಿಷಯ. ನನ್ನ ಮಗಳು ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಕೆಲಸದಲ್ಲಿದ್ದಾಳೆ. ಆ ಊರಿನ ಅಂಚಿನಲ್ಲೇ ಫ್ಲ್ಯಾಗ್ ಫೆನ್ ಅಂತ ಒಂದು ಜಾಗ. ಫೆನ್ ಅಂದರೆ ಅಲ್ಲಿನವರ ಮಾತಿನಲ್ಲಿ ಜೌಗು. 1982ರಲ್ಲಿ ಪುರಾತತ್ವಜ್ಞ ಫ್ರಾನ್ಸಿಸ್ ಪ್ರಯರ್ ಅಲ್ಲಿನ ಒಂದು ಕಾಲುವೆಯ ದಡದಲ್ಲಿ ನಡೆಯುತ್ತಿದ್ದಾಗ ಮರದ ತುಂಡೊಂದನ್ನು ಎಡವಿದರು. ಅದರ ತುದಿಯನ್ನು ಕೊಡಲಿಯಿಂದ ಕಡಿದಿದ್ದ ಗುರುತು ಕಾಣಿಸಿತು. ಕಾಲುವೆ ಹೂಳು ಎತ್ತುವ ಯಂತ್ರ ಕೆಳಗಿನ ಮಣ್ಣನ್ನು ಮೇಲಕ್ಕೆ ತಂದಿತ್ತು. ನಮ್ಮ ಕೆರೆಯಲ್ಲಿ ಆದದ್ದೂ ಇದೇ ಅಲ್ವಾ?

ಅಲ್ಲಿ ಅಗೆದಾಗ ಸಿಕ್ಕಿದ್ದು ಜೌಗಿಗೆ ಅಡ್ಡಲಾಗಿ ಮರದ ಗೂಟಗಳನ್ನು ಸಾಲುಸಾಲಾಗಿ ನೆಟ್ಟು ಮಾಡಿದ ಹಾದಿ. ಸುಮಾರು ಒಂದು ಕಿಲೋಮೀಟರ್ ಉದ್ದ. ಕ್ರಿ.ಪೂ. 1300ರಿಂದ 900ರ ತನಕ, ತಲೆಮಾರುಗಳ ಕಾಲ ಜನ ಅದನ್ನು ಕಟ್ಟುತ್ತಾ, ರಿಪೇರಿ ಮಾಡುತ್ತಾ ಬಂದಿದ್ದಾರೆ. ಆ ಹಾದಿಯ ಪಕ್ಕದ ನೀರಿಗೆ ಕಂಚಿನ ಕತ್ತಿ, ಪಿನ್ನುಗಳನ್ನು ಹಾಕಿದ್ದಾರೆ. ಕೆಲವನ್ನು ಬೇಕಂತಲೇ ಮುರಿದು ಹಾಕಿದ್ದಾರೆ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಬರೆದಿಟ್ಟಿಲ್ಲ. ನನಗೆ ಮಾತ್ರ ನಮ್ಮ ರೈಲು ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಕಿಟಕಿಯಿಂದ ಕಾಸು ಹಾಕಿ ಕೈ ಮುಗಿಯುವ ಹೆಂಗಸರ ನೆನಪಾಯಿತು.

ಅಗೆದ ಗುಂಡಿಯ ಒಂದು ಭಾಗವನ್ನು ಹಾಗೇ ಉಳಿಸಿ, ಮೇಲೆ ಕಟ್ಟಡ ಕಟ್ಟಿದ್ದಾರೆ. ಒಳಗೆ ಹೋದರೆ ತಂಪು, ತೇವ, ಹಸಿ ಮಣ್ಣಿನ ವಾಸನೆ. ಕೆಳಗೆ ಕಪ್ಪು ಮರದ ತುಂಡುಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿವೆ. ಒಣಗದಂತೆ ಅವಕ್ಕೆ ನೀರು ಸಿಂಪಡಿಸುತ್ತಾರೆ. ನಾನು ಕಟಕಟೆ ಹಿಡಿದು ತುಂಬಾ ಹೊತ್ತು ನಿಂತೆ. ಒಂದು ಗೂಟದ ತುದಿ ಪೆನ್ಸಿಲ್ ಕೆತ್ತಿದ ಹಾಗೆ ಚೂಪು. ಕೊಡಲಿ ಎಲ್ಲೆಲ್ಲಿ ಬಿದ್ದಿದೆ ಅಂತ ಒಂದೊಂದೇ ಏಟು ಎಣಿಸಬಹುದಿತ್ತು. ಯಾರೋ ಒಬ್ಬ, ಒಂದು ಬೆಳಿಗ್ಗೆ, ಆ ಗೂಟ ಕೆತ್ತಿದ್ದಾನೆ. ನಮ್ಮ ತಂದೆ ಬೇಲಿಗೆ ಗೂಟ ಕೆತ್ತುತ್ತಿದ್ದದ್ದೂ ಹಾಗೇ.

ಆ ಜಾಗದಿಂದ ಹೆಚ್ಚು ದೂರವಿಲ್ಲ ಮಸ್ಟ್ ಫಾರ್ಮ್. ಇಟ್ಟಿಗೆಗೆ ಜೇಡಿ ಮಣ್ಣು ತೆಗೆಯುವ ಕ್ವಾರಿ ಅದು. 2015 ಮತ್ತು 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪುರಾತತ್ವ ತಂಡ ಅಲ್ಲಿ ಅಗೆಯಿತು. 2024ರಲ್ಲಿ ಪೂರ್ತಿ ವರದಿ ಹೊರಬಂತು. ನನಗೆ ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು.

ಸುಮಾರು ಕ್ರಿ.ಪೂ. 850. ನಿಧಾನವಾಗಿ ಹರಿಯುವ ಒಂದು ಸಣ್ಣ ಹೊಳೆ. ಹೊಳೆಯ ಮೇಲೆ ಗೂಟ ನೆಟ್ಟು, ಅಟ್ಟಣೆಯ ಥರ ಕೆಲವು ದುಂಡು ಮನೆ ಕಟ್ಟಿದ್ದರು. ಕಟ್ಟಿ ಒಂದು ವರ್ಷವೂ ಆಗಿರಲಿಲ್ಲ, ಬೆಂಕಿ ಬಿತ್ತು. ಮರ ಇನ್ನೂ ಹಸಿಯಾಗಿತ್ತು, ಹುಳ ಕೂಡ ಹಿಡಿದಿರಲಿಲ್ಲ. ಅದರಿಂದಲೇ ಕಟ್ಟಿ ಎಷ್ಟು ದಿನವಾಗಿತ್ತು ಅಂತ ಲೆಕ್ಕ ಹಾಕಿದ್ದು. ಸುಟ್ಟ ಮನೆ ಸಾಮಾನು ಸಮೇತ ಕುಸಿದು ಹೊಳೆಗೆ ಬಿತ್ತು. ನೀರು ಬೆಂಕಿ ಆರಿಸಿತು. ಕೆಸರು ಮುಚ್ಚಿಕೊಂಡಿತು. ಬೆಂಕಿಯಿಂದ ಹೊರಮೈ ಇದ್ದಿಲಾದದ್ದೂ ಒಳ್ಳೆಯದೇ ಆಯಿತು, ಯಾಕೆಂದರೆ ಇದ್ದಿಲನ್ನು ಯಾವ ಹುಳವೂ ತಿನ್ನುವುದಿಲ್ಲ. ಬೆಂಕಿ ಮತ್ತು ಕೆಸರು ಸೇರಿ ಒಂದು ಇಡೀ ಊರನ್ನು ಕಾಯ್ದಿಟ್ಟವು.

ಅಲ್ಲಿ ಸುಮಾರು 200 ಮರದ ವಸ್ತುಗಳು ಸಿಕ್ಕವು. ನಾರು ಮತ್ತು ಬಟ್ಟೆಯ 150ಕ್ಕೂ ಹೆಚ್ಚು ತುಣುಕು, 128 ಮಡಕೆ, 90ಕ್ಕೂ ಹೆಚ್ಚು ಲೋಹದ ವಸ್ತು. ಅಗಸೆ ನಾರಿನಿಂದ ನೂತ ದಾರದ ಉಂಡೆ ಹಾಗೇ ಇತ್ತು. ಕೂದಲೆಳೆಯಷ್ಟು ಸಣ್ಣ ದಾರ. ಕೊಡಲಿಗೆ ಕಾವು ಇತ್ತು, ಬಕೆಟ್ಟಿಗೆ ತಳ ಇತ್ತು. ಸಾಕಿದ ಕುರಿಮರಿಗಳು ಮನೆಯೊಳಗೇ ಇದ್ದವು. ಅವುಗಳ ಮೂಳೆಯಿಂದ ವಯಸ್ಸು ಮೂರರಿಂದ ಆರು ತಿಂಗಳು ಅಂತ ಗೊತ್ತಾಯಿತು. ಮರಿ ಹುಟ್ಟುವ ಕಾಲದಿಂದ ಲೆಕ್ಕ ಹಿಡಿದರೆ ಬೆಂಕಿ ಬಿದ್ದದ್ದು ಬೇಸಿಗೆಯ ಕೊನೆಗೆ ಅಥವಾ ಅದರ ಹಿಂದೆಯೇ. ಮನುಷ್ಯರ ಮತ್ತು ನಾಯಿಗಳ ಮಲ ಕೂಡ ಉಳಿದಿತ್ತು. ಅದರಲ್ಲಿ ಹೊಟ್ಟೆ ಹುಳದ ಮೊಟ್ಟೆಗಳು. ಹಸಿ ಮೀನು ತಿಂದರೆ ಬರುವ ಹುಳ ಅದು. ಮೂರು ಸಾವಿರ ವರ್ಷದ ಹಿಂದಿನವರಿಗೆ ಹೊಟ್ಟೆನೋವು ಯಾಕೆ ಬರುತ್ತಿತ್ತು ಅಂತ ಇವತ್ತು ಹೇಳಬಹುದು.

ನನ್ನ ಮನಸ್ಸು ಹಿಡಿದಿಟ್ಟದ್ದು ಒಂದು ಮಡಕೆ. ಗೋಧಿ ನುಚ್ಚಿಗೆ ಪ್ರಾಣಿಯ ಕೊಬ್ಬು ಹಾಕಿ ಮಾಡಿದ ಗಂಜಿ ಅದರೊಳಗೆ. ಕಲಸುವ ಮರದ ಕೋಲು ಗಂಜಿಯಲ್ಲೇ ಆನಿಕೊಂಡು ನಿಂತಿತ್ತು. ಮುದ್ದೆ ತಿರುವುತ್ತಾ ಇದ್ದವಳು ಕೂಗು ಕೇಳಿ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಓಡಿದ ಹಾಗೆ. ಅಡುಗೆ ಮಾಡುತ್ತಿದ್ದವರು ಹೆಂಗಸೋ ಗಂಡಸೋ ಗೊತ್ತಿಲ್ಲ. ಬೆಂಕಿಯಲ್ಲಿ ಸತ್ತವರ ದೇಹ ಅಲ್ಲಿ ಸಿಕ್ಕಿಲ್ಲ. ಓದಿದಾಗ ನನಗೆ ಸಮಾಧಾನವಾಯಿತು.

ಇಂಥ ಜಾಗದಲ್ಲಿ ಅಗೆಯುವ ಕೆಲಸವೇ ಬೇರೆ ಥರ. ಮೊದಲು ಪಂಪ್ ಹಾಕಿ ನೀರು ಇಳಿಸಬೇಕು, ಆದರೆ ಪೂರ್ತಿ ಒಣಗಿಸಬಾರದು. ಗುಂಡಿಯೊಳಗೆ ಕಾಲಿಡುವ ಹಾಗಿಲ್ಲ, ಮರ ಅಷ್ಟು ಮೆತ್ತಗಿರುತ್ತದೆ. ಅಡ್ಡಲಾಗಿ ಹಲಗೆ ಹಾಕಿ, ಅದರ ಮೇಲೆ ಬೋರಲು ಮಲಗಿ ಕೆಲಸ ಮಾಡುತ್ತಾರೆ. ಮರದ ಹತ್ತಿರ ಬಂದರೆ ಕಬ್ಬಿಣದ ಕರಣೆ ಪಕ್ಕಕ್ಕಿಟ್ಟು ಪ್ಲಾಸ್ಟಿಕ್ ಚಮಚ, ಮರದ ಕಡ್ಡಿ, ಸ್ಪಂಜು, ಕೊನೆಗೆ ಬರಿ ಬೆರಳು. ಕೈಯಲ್ಲಿ ನೀರಿನ ಸ್ಪ್ರೇ ಬಾಟಲಿ ಸದಾ ಇರಬೇಕು. ಈಗಷ್ಟೇ ತೆರೆದ ಮರ ಕೆಲವೊಮ್ಮೆ ಹೊಂಬಣ್ಣದಲ್ಲಿ, ನಿನ್ನೆ ಕಡಿದಂತೆ ಕಾಣುತ್ತದಂತೆ. ನೋಡುತ್ತಿದ್ದ ಹಾಗೇ ಕಪ್ಪಾಗುತ್ತದೆ. ಸಾವಿರಾರು ವರ್ಷದ ಮೇಲೆ ಗಾಳಿ ತಾಗಿದ್ದಕ್ಕೆ.

ಮಣ್ಣನ್ನೂ ಬಿಡುವುದಿಲ್ಲ. ಅಕ್ಕಿ ಗಾಲಿಸುವುದು ಗೊತ್ತಲ್ವಾ? ಕಲ್ಲು ಕೆಳಗೆ ಕೂರುತ್ತದೆ, ಅಕ್ಕಿಯನ್ನು ಮೇಲಿಂದ ಮೇಲೆ ಬಗ್ಗಿಸಿಕೊಳ್ಳುತ್ತೇವೆ. ಹಾಗೇ ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕುತ್ತಾರೆ. ಬೀಜ, ಇದ್ದಿಲು, ಜೀರುಂಡೆಯ ರೆಕ್ಕೆಯ ಚಿಪ್ಪು ಮೇಲೆ ತೇಲುತ್ತವೆ. ಅವನ್ನು ಸಣ್ಣ ಜಾಲರಿಯಲ್ಲಿ ಹಿಡಿಯುತ್ತಾರೆ. ಇನ್ನೂ ಸಣ್ಣದು ಹೂವಿನ ಪರಾಗ. ಕಣ್ಣಿಗೆ ಕಾಣದ ಆ ಧೂಳಿನ ಹೊರಕವಚ ಎಷ್ಟು ಗಟ್ಟಿ ಅಂದರೆ ಜೌಗಿನಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಪದರ ಪದರವಾಗಿ ಪರಾಗ ಎಣಿಸಿದರೆ ಆ ಊರಿನ ಸುತ್ತ ಯಾವಾಗ ಕಾಡಿತ್ತು, ಯಾವಾಗ ಕಾಡು ಕಡಿದು ಹೊಲ ಮಾಡಿದರು ಅಂತ ತಿಳಿಯುತ್ತದೆ.

ಮರದಿಂದ ಇನ್ನೂ ಒಂದು ಲಾಭ, ವರ್ಷದ ಲೆಕ್ಕ. ಚಳಿ ದೇಶದ ಮರಗಳಲ್ಲಿ ವರ್ಷಕ್ಕೆ ಒಂದು ಉಂಗುರ ಬೆಳೆಯುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಅಗಲ, ಬರದ ವರ್ಷ ಸಪೂರ. ಒಂದೇ ಸೀಮೆಯ ಒಂದೇ ಜಾತಿಯ ಮರಗಳಲ್ಲಿ ಈ ಅಗಲ ಸಪೂರದ ಸಾಲು ಹೆಚ್ಚುಕಮ್ಮಿ ಒಂದೇ ಥರ ಇರುವುದರಿಂದ, ಹೊಸ ಮರದಿಂದ ಹಳೇ ಮರಕ್ಕೆ ಕೊಂಡಿ ಹಾಕುತ್ತಾ ಸಾವಿರಾರು ವರ್ಷ ಹಿಂದೆ ಹೋಗಬಹುದು. ಇಂಗ್ಲೆಂಡಿನ ಸಾಮರ್‌ಸೆಟ್ ಜೌಗಿನಲ್ಲಿ 1970ರಲ್ಲಿ ಸಿಕ್ಕ ಸ್ವೀಟ್ ಟ್ರ್ಯಾಕ್ ಅನ್ನುವ ಹಲಗೆ ಹಾದಿಯ ಮರಗಳನ್ನು ಕ್ರಿ.ಪೂ. 3807ರ ಚಳಿಗಾಲ ಅಥವಾ ಅದರ ಮುಂದಿನ ವಸಂತದಲ್ಲಿ ಕಡಿದರು ಅಂತ ಹೇಳಲು ಸಾಧ್ಯವಾದದ್ದು ಹೀಗೆ. ಸುಮಾರು ಆರು ಸಾವಿರ ವರ್ಷದ ಹಿಂದಿನ ಕೆಲಸಕ್ಕೆ ವರ್ಷ ಮಾತ್ರವಲ್ಲ, ಕಾಲವೂ ಗೊತ್ತು!

ಈಗ ತಮ್ಮನ ಜಗಲಿಗೆ ವಾಪಸು ಬರೋಣ. ಕೆಸರಲ್ಲಿ ಚೆನ್ನಾಗಿದ್ದ ಮರ ಬಿಸಿಲಲ್ಲಿ ಯಾಕೆ ಹಾಳಾಯಿತು? ಅದು ನಿಜವಾಗಿ ಚೆನ್ನಾಗಿರಲಿಲ್ಲ, ಚೆನ್ನಾಗಿ ಕಾಣುತ್ತಿತ್ತು ಅಷ್ಟೇ. ಟೀಯಲ್ಲಿ ಅದ್ದಿದ ರಸ್ಕು ನೆನೆಸಿಕೊಳ್ಳಿ. ಆಕಾರ ಹಾಗೇ ಇರುತ್ತದೆ, ಎತ್ತಿದರೆ ಮುರಿದು ಬೀಳುತ್ತದೆ. ಮರದ ಜೀವಕೋಶದ ಗೋಡೆಯಲ್ಲಿ ಮುಖ್ಯವಾಗಿ ಎರಡು ಅಂಶ. ಬಲ ಕೊಡುವ ಸೆಲ್ಯುಲೋಸ್, ಅದನ್ನು ಹಿಡಿದಿಡುವ ಲಿಗ್ನಿನ್. ಗಾಳಿ ಬೇಡದ ಬ್ಯಾಕ್ಟೀರಿಯಾ ನೂರಾರು ವರ್ಷ ಕೂತು ಸೆಲ್ಯುಲೋಸನ್ನು ಮೆಲ್ಲಗೆ ತಿಂದಿರುತ್ತವೆ. ಲಿಗ್ನಿನ್ ಅವಕ್ಕೆ ಸುಲಭವಾಗಿ ಜೀರ್ಣವಾಗದು. ಹಾಗಾಗಿ ಉಳಿಯುವುದು ಲಿಗ್ನಿನ್ನಿನ ತೆಳು ಗೂಡು. ಅದರೊಳಗೆ ತುಂಬಿಕೊಂಡ ನೀರೇ ಆಕಾರವನ್ನು ಎತ್ತಿ ಹಿಡಿದಿರುತ್ತದೆ. ಒಣಗಿಸಿದರೆ ನೀರು ಹೋಗುತ್ತದೆ. ಬರೀ ಹೋಗುವುದಿಲ್ಲ, ಹೋಗುವಾಗ ಗೋಡೆಗಳನ್ನು ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಮರ ಕುಸಿಯುತ್ತದೆ, ತಿರುಚುತ್ತದೆ, ಸೀಳುತ್ತದೆ. ಆಮೇಲೆ ನೀರಲ್ಲಿ ನೆನೆಸಿದರೂ ಮೊದಲಿನ ಆಕಾರಕ್ಕೆ ಬರುವುದಿಲ್ಲ.

ಉಳಿಸಬೇಕಾದರೆ ನೀರಿನ ಜಾಗಕ್ಕೆ ಬೇರೆ ಏನಾದರೂ ತುಂಬಬೇಕು. ಪಾಲಿಎಥಿಲೀನ್ ಗ್ಲೈಕಾಲ್ ಅಂತ ಮೇಣದಂಥ ವಸ್ತು ಇದೆ. ಮುಲಾಮುಗಳಲ್ಲೂ ಬಳಸುತ್ತಾರೆ. ಅದನ್ನು ನೀರಿನಲ್ಲಿ ಕರಗಿಸಿ ಮರಕ್ಕೆ ಉಣಿಸುತ್ತಾರೆ. ಆಮೇಲೆ ನಿಧಾನಕ್ಕೆ ಒಣಗಿಸುತ್ತಾರೆ. ಎಷ್ಟು ನಿಧಾನ ಅಂದರೆ, ಸ್ವೀಡನ್ನಿನಲ್ಲಿ ಸಮುದ್ರದಿಂದ ಎತ್ತಿದ ವಾಸಾ ಹಡಗಿಗೆ 1962ರಿಂದ 1979ರ ತನಕ, 17 ವರ್ಷ ಇದನ್ನು ಸಿಂಪಡಿಸಿದರು. ಮಸ್ಟ್ ಫಾರ್ಮ್ ಹತ್ತಿರ ಹಳೇ ಹೊಳೆಯ ಪಾತ್ರದಲ್ಲಿ ಸಿಕ್ಕ ಒಂಬತ್ತು ಒಂಟಿಮರದ ದೋಣಿಗಳಿಗೂ ಫ್ಲ್ಯಾಗ್ ಫೆನ್‌ನಲ್ಲಿ ಇಂಥದೇ ಆರೈಕೆ ನಡೆಯಿತು.

ಇದೆಲ್ಲಕ್ಕೂ ನೀರು ನಿಂತಿರಬೇಕು. ಆ ಸೀಮೆಯ ದೊಡ್ಡ ಚಿಂತೆಯೇ ಇದು. 17ನೇ ಶತಮಾನದಿಂದ ಅಲ್ಲಿನ ಜೌಗನ್ನು ಕಾಲುವೆ ತೋಡಿ ಬಸಿಯುತ್ತಾ ಬಂದಿದ್ದಾರೆ, ಬೇಸಾಯಕ್ಕೆ. ಜೌಗಿನ ಮಣ್ಣು ಅಂದರೆ ಸಾವಿರಾರು ವರ್ಷದ ಗಿಡಗಂಟಿ ಅರೆಬರೆ ಕೊಳೆತು ಪದರವಾಗಿ ಕೂತದ್ದು. ಪೀಟ್ ಅಂತಾರೆ. ನಮ್ಮ ನರ್ಸರಿಗಳಲ್ಲಿ ಬಳಸುವ ಕೊಕೊಪೀಟ್‌ಗೆ ಹೆಸರು ಬಂದದ್ದು ಅದರಿಂದಲೇ. ನೀರು ಬಸಿದು ಗಾಳಿ ಆಡಿದ ಕೂಡಲೇ, ಅಷ್ಟು ವರ್ಷ ನಿಂತಿದ್ದ ಕೊಳೆಯುವಿಕೆ ಮತ್ತೆ ಶುರುವಾಗುತ್ತದೆ. ಮಣ್ಣೇ ಕರಗಿ ಹೋಗುತ್ತದೆ. ಪೀಟರ್‌ಬರೋ ಹತ್ತಿರ ಹೋಮ್ ಫೆನ್‌ನಲ್ಲಿ 1851ರಲ್ಲಿ ಒಂದು ಕಂಬವನ್ನು ತಲೆ ನೆಲಕ್ಕೆ ಸಮ ಆಗುವ ಹಾಗೆ ಹೂತರು. ಇವತ್ತು ಆ ಕಂಬ ಸುಮಾರು 4 ಮೀಟರ್ ಮೇಲೆ ನಿಂತಿದೆ. ಮೇಲೆ ಬಂದದ್ದು ಕಂಬ ಅಲ್ಲ, ಕೆಳಗೆ ಹೋದದ್ದು ನೆಲ. ಮಗಳು ಅದರ ಪಕ್ಕ ನಿಂತು ಕೈ ಎತ್ತಿದಳು. ತುದಿ ಅವಳಿಗೆ ಸಿಗಲೇ ಇಲ್ಲ.

ಇನ್ನೂ ಬೇಸರದ ಕಥೆ ಯಾರ್ಕ್‌ಷೈರಿನ ಸ್ಟಾರ್ ಕಾರ್‌ನದು. ಸುಮಾರು 11,000 ವರ್ಷದ ಹಿಂದೆ, ಬೇಸಾಯ ಗೊತ್ತಿಲ್ಲದ ಬೇಟೆಗಾರರು ಅಲ್ಲಿನ ಒಂದು ಕೆರೆಯ ದಡದಲ್ಲಿದ್ದರು. 1949ರಿಂದ 1951ರ ತನಕ ಪುರಾತತ್ವಜ್ಞ ಗ್ರಹಾಂ ಕ್ಲಾರ್ಕ್ ಅಲ್ಲಿ ಅಗೆದಾಗ ಮೂಳೆ, ಕೊಂಬು ಗಟ್ಟಿಯಾಗಿದ್ದವು. ಕೊಂಬು ಸಮೇತ ಜಿಂಕೆಯ ತಲೆಬುರುಡೆಯನ್ನು ತೂತು ಕೊರೆದು ತಲೆಗೆ ತೊಡುವ ಹಾಗೆ ಮಾಡಿದ 21 ತೊಡುಗೆ ಸಿಕ್ಕಿದ್ದವು. ಆಮೇಲೆ ಸುತ್ತಲಿನ ನೀರು ಇಳಿಯಿತು. ಕೆಸರಿನಲ್ಲಿದ್ದ ಗಂಧಕದ ಅಂಶಕ್ಕೆ ಗಾಳಿ ತಾಗಿ ಸಲ್ಫ್ಯೂರಿಕ್ ಆಮ್ಲ ಹುಟ್ಟಿಕೊಂಡಿತು. ಈ ಶತಮಾನದಲ್ಲಿ ಮತ್ತೆ ಅಗೆದವರಿಗೆ ಕೆಲವು ಕಡೆ ಸಿಕ್ಕಿದ್ದು ಮೆತ್ತಗೆ ಜೆಲ್ಲಿಯ ಹಾಗೆ ಬಾಗುವ ಮೂಳೆ. ಹನ್ನೊಂದು ಸಾವಿರ ವರ್ಷ ತಡೆದದ್ದು ಕೆಲವೇ ದಶಕದಲ್ಲಿ ಕರಗುತ್ತಿದೆ. ಅದಕ್ಕೇ ಅಲ್ಲಿ ಬೇಗ ಬೇಗ ಅಗೆದು ಉಳಿದದ್ದನ್ನು ಕಾಪಾಡಬೇಕಾಯಿತು.

ನಮ್ಮ ಕಡೆಗೆ ಬರೋಣ. ಕಾವೇರಿ, ಕಬಿನಿ ಸೇರುವ ಟಿ. ನರಸೀಪುರದಲ್ಲಿ 1960ರ ಆಸುಪಾಸು ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ಅಗೆತ ನಡೆಯಿತು. ನವಶಿಲಾಯುಗದ ನೆಲೆ, ಮೂರೂವರೆ ಸಾವಿರ ವರ್ಷ ದಾಟಿದ್ದು. ಅಂದರೆ ಫ್ಲ್ಯಾಗ್ ಫೆನ್‌ನ ಮೊದಲ ಗೂಟ ನೆಡುವ ಮುಂಚೆಯೇ ಇಲ್ಲಿ ಜನ ಇದ್ದರು. ನುಣುಪು ಮಾಡಿದ ಕಲ್ಲು ಕೊಡಲಿ, ಬೂದು ಮಡಕೆ, ಹೂತ ಮನುಷ್ಯರ ಅಸ್ಥಿ ಸಿಕ್ಕವು. ಸುಟ್ಟ ಮಣ್ಣಿನಿಂದ ಮಾಡಿದ ತಲೆದಿಂಬು ಕೂಡ ಸಿಕ್ಕಿತು. ತಲೆಗೆ ದಿಂಬು ಬೇಕು ಅಂದುಕೊಂಡ ಆ ಜನರ ಚಾಪೆ ಎಲ್ಲಿ? ಕೊಡಲಿಯ ಕಾವು ಎಲ್ಲಿ? ಹೊಳೆ ದಾಟಿದ ತೆಪ್ಪ, ಮೀನಿನ ಬಲೆ, ದನ ಕಟ್ಟಿದ ಹಗ್ಗ?

ನಮ್ಮಜ್ಜಿಯ ಮನೆ ನೆನಪು ಮಾಡಿಕೊಂಡರೆ ಉತ್ತರ ಸಿಗುತ್ತದೆ. ಮೊರ, ಮಂಕರಿ, ಒನಕೆ, ಮುದ್ದೆ ಕೋಲು, ಪಾತ್ರೆ ಅಲ್ಲಾಡದಂತೆ ಒತ್ತಿ ಹಿಡಿಯುವ ಕವೆಗೋಲು, ಜೊಂಡಿನ ಚಾಪೆ, ತಲೆ ಮೇಲಿನ ಸಿಂಬಿ, ನೇಗಿಲು, ನೊಗ, ಕಣ್ಣಿ. ದಿನಾ ಕೈಗೆ ಬರುತ್ತಿದ್ದ ಸಾಮಾನಿನಲ್ಲಿ ಹೆಚ್ಚಿನದು ಮರ, ಬಿದಿರು, ನಾರು. ಆ ಮನೆ ಬಿದ್ದು ಐವತ್ತು ವರ್ಷ ಆಗಿಲ್ಲ. ಈಗ ಅಲ್ಲಿ ಉಳಿದಿರುವುದು ಒರಳು, ರಾಗಿ ಕಲ್ಲು, ಹಂಚಿನ ಚೂರು. ಮುಂದೆ ಯಾರಾದರೂ ಅಗೆದರೆ ಅಜ್ಜಿಯನ್ನು ಶಿಲಾಯುಗದವಳು ಅಂದಾರು! ಶಿಲಾಯುಗ ಅನ್ನುವ ಹೆಸರನ್ನೇ ಸ್ವಲ್ಪ ಎಚ್ಚರದಿಂದ ಬಳಸಬೇಕು ಅಂತ ನನಗೆ ಅನ್ನಿಸುವುದು ಇದಕ್ಕೇ. ಆ ಜನ ಬದುಕಿದ್ದು ಕಲ್ಲಿನಲ್ಲಿ ಮಾತ್ರ ಅಲ್ಲ. ಅವರ ಬದುಕಿನ ದೊಡ್ಡ ಪಾಲನ್ನು ನಮ್ಮ ಕೆಂಪು ಮಣ್ಣು, ಮುಂಗಾರಿಗೆ ನೆನೆದು ಬೇಸಿಗೆಗೆ ಒಣಗುವ ನೆಲ, ಗೆದ್ದಲು ಸೇರಿ ತಿಂದುಬಿಟ್ಟಿವೆ.

ಹಾಗಂತ ನಮ್ಮಲ್ಲಿ ಏನೂ ಉಳಿದಿಲ್ಲ ಅಂತಲ್ಲ. ಸುಟ್ಟು ಕಪ್ಪಾದ ಕಾಳು ಒಣ ನೆಲದಲ್ಲೂ ಉಳಿಯುತ್ತದೆ. ಪುರಾತತ್ವಜ್ಞರಾದ ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮತ್ತವರ ಜೊತೆಯವರು ದಕ್ಷಿಣದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಹುಡುಕಿದಾಗ ಹುರುಳಿ, ಹೆಸರು, ಕೊರಲೆ ಸಿಕ್ಕವು. ಹುರುಳಿ ಸಾರು ಎಷ್ಟು ಹಳೆಯ ಊಟದ ಮೊಮ್ಮಗು ನೋಡಿ. ಇನ್ನು ಒದ್ದೆ ನೆಲದ ಉದಾಹರಣೆ ಪಕ್ಕದ ಕೇರಳದಲ್ಲೇ ಇದೆ. 2007ರಲ್ಲಿ ಕೊಡುಂಗಲ್ಲೂರಿನ ಹತ್ತಿರದ ಪಟ್ಟಣಂನಲ್ಲಿ ನೀರು ತುಂಬಿದ ಪದರದಿಂದ ಒಂಟಿಮರದ ದೋಣಿ, ಅದನ್ನು ಕಟ್ಟುವ ತೇಗದ ಗೂಟಗಳು ಹೊರಬಂದವು. ಸುಮಾರು ಎರಡು ಸಾವಿರ ವರ್ಷದ್ದು. ಅಂದರೆ ನಮ್ಮ ಬಿಸಿ ಸೀಮೆಯಲ್ಲೂ, ನೀರು ಬಿಡದೆ ನಿಂತಿದ್ದರೆ, ಮರ ಉಳಿಯುತ್ತದೆ.

ಮಂಡ್ಯದ ಭತ್ತದ ಗದ್ದೆಗಳಲ್ಲಿ ಇಂಥದ್ದು ಸಿಗುತ್ತದಾ ಅಂತ ತಮ್ಮ ಕೇಳಿದ. ಅದು ಕಷ್ಟ. ನಮ್ಮ ಗದ್ದೆಗಳಲ್ಲಿ ಬಹುಪಾಲಿಗೆ ನೀರು ಬಂದದ್ದೇ ಕನ್ನಂಬಾಡಿ ಕಟ್ಟೆ ಆಗಿ, ವಿ.ಸಿ. ನಾಲೆ ಹರಿದ ಮೇಲೆ, ಅಂದರೆ ಒಂದು ನೂರು ವರ್ಷದ ಈಚೆಗೆ. ಅದಕ್ಕೆ ಮುಂಚೆ ಅದೆಲ್ಲ ಮಳೆ ನಂಬಿದ ಹೊಲ. ಮೇಲಾಗಿ ವರ್ಷಾ ವರ್ಷಾ ಉಳುತ್ತೇವೆ, ಸುಗ್ಗಿಗೆ ಒಣಗಿಸುತ್ತೇವೆ. ಹುಡುಕುವುದಾದರೆ ಕಾವೇರಿ ಪಾತ್ರ ಬದಲಿಸಿ ಬಿಟ್ಟುಹೋದ ಹಳೇ ಮಡುಗಳು, ಯಾವತ್ತೂ ಪೂರ್ತಿ ಒಣಗದ ಕೆರೆಗಳ ತಳ, ಊಟೆ ನೀರು ಸದಾ ಒಸರುವ ತಗ್ಗು. ಕೆರೆಗಳು ಇತಿಹಾಸ ಕಾಲದವು, ಶಿಲಾಯುಗದವಲ್ಲ. ಆದರೂ ಅವುಗಳ ಹೂಳಿನ ಪದರಗಳಲ್ಲಿ ಕೂತಿರುವ ಪರಾಗ ಈ ಸೀಮೆಯಲ್ಲಿ ಯಾವಾಗ ಏನು ಬೆಳೆದರು ಅನ್ನುವ ಲೆಕ್ಕ ಇಟ್ಟುಕೊಂಡಿರುತ್ತದೆ. ಬೇಸಿಗೆಯಲ್ಲಿ ಒಂದು ಕೆರೆಯ ಹೂಳನ್ನು ತಳದ ತನಕ ಕೆರೆದು ಸಾಗಿಸುವಾಗ ಆ ಲೆಕ್ಕದ ಪುಸ್ತಕವೂ ಟಿಪ್ಪರಿನಲ್ಲಿ ಹೋಗುತ್ತದೆ. ಗೋಡು ಹೊಲಕ್ಕೆ ಬೇಕು, ಕೆರೆಗೆ ನೀರು ಹಿಡಿಯುವ ಜಾಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದು ಮೂಲೆಯನ್ನು ಕದಲಿಸದೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ನಿಮ್ಮೂರಲ್ಲಿ ಹೂಳು ಎತ್ತುವಾಗ ಕೆತ್ತಿದ ಮರ ಕಂಡರೆ ದಯವಿಟ್ಟು ಒಣಗಿಸಬೇಡಿ. ಒದ್ದೆ ಗೋಣಿಚೀಲ ಸುತ್ತಿ ನೆರಳಿಗಿಡಿ, ಅಥವಾ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿಡಿ. ಉಜ್ಜಿ ತೊಳೆಯಬೇಡಿ. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಫೋಟೋ ತೆಗೆದು ಬರೆದಿಡಿ, ಏಕೆಂದರೆ ಜಾಗ ಗೊತ್ತಿಲ್ಲದ ಮರಕ್ಕೆ ಅರ್ಧ ಬೆಲೆ. ಆಮೇಲೆ ಪುರಾತತ್ವ ಇಲಾಖೆಗೆ ತಿಳಿಸಿ. ರಾಜ್ಯ ಇಲಾಖೆಯ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ. ಒಳಗೆ ಇನ್ನೂ ಉಳಿದಿದ್ದರೆ ಕೀಳಬೇಡಿ.

ನಮ್ಮ ತುಂಡು ಹಳೇ ತೂಬಿನದೇ ಇರಬೇಕು ಅಂತ ಊರಿನ ಹಿರಿಯರು ಹೇಳಿದರು. ನೂರು ವರ್ಷದ್ದೋ, ಮುನ್ನೂರು ವರ್ಷದ್ದೋ, ಸೀಳಿದ ಮೇಲೆ ಏನೂ ಹೇಳಲು ಬರುವುದಿಲ್ಲ. ತಮ್ಮ ಅದನ್ನು ಸೌದೆಗೆ ಹಾಕಿಲ್ಲ, ಕೊಟ್ಟಿಗೆಯ ಅಟ್ಟದ ಮೇಲಿಟ್ಟಿದ್ದಾನೆ. ಮುರಿದ ಇನ್ನೊಂದು ಭಾಗ ಇವತ್ತಿಗೂ ಕೆರೆಯ ತಳದಲ್ಲೇ ಇದೆ. ಹೋದ ವರ್ಷ ಕೋಡಿ ಬಿತ್ತು. ಈಗ ಅದರ ಮೇಲೆ ಎರಡಾಳು ನೀರು ನಿಂತಿದೆ.